ಚಿಕ್ಕಪ್ಪ ಕೂರುವ ಕಡೆ

ಹೊಲಿಗೆ ಯಂತ್ರಕ್ಕೆ ಎಣ್ಣೆ ಕೊಳ್ಳಲು ಹಾರ್ಡ್‌ವೇರ್ ಅಂಗಡಿಗೆ ಬಂದಿದ್ದ ದರ್ಜಿಯ ಮುಂದೆ ಅಕ್ಕತಂಗಿಯರಿಬ್ಬರು ಸಾಲಿನಲ್ಲಿ ನಿಂತಿದ್ದರು. ಅಕ್ಕನ ಮೊಣಕೈವರೆಗೂ ತುಕ್ಕಿನ ಪುಡಿ. ದರ್ಜಿಯ ಕಣ್ಣು ಎಣ್ಣೆ ಡಬ್ಬಿಯ ಮೇಲಿದ್ದರೂ ಕಿವಿ ಅವರ ಮಾತಿನ ಮೇಲೇ ಇತ್ತು.

“ಲಾರಿ ಕೆಳಗೆ ಮಲಗಿ ನೋಡ್ದೆ ಕಣೇ. ಅಪ್ಪನ ಕಾಲು ತೂರಿಹೋದ ಡ್ರೈವರ್ ಕಡೆ ಮಾತ್ರ ಅಲ್ಲ, ಪಕ್ಕದ ಸೀಟಿನ ಕಡೆ ತಳಾನೂ ಅಷ್ಟೇ. ಬಾಗಿಲ ಕೆಳಗಿನ ಪಟ್ಟಿನೂ ಪುಡಿಪುಡಿ. ಚಿಕ್ಕಪ್ಪ ತುಕ್ಕಿನ ಮೇಲೇ ಪುಟ್ಟಿ ಮೆತ್ತಿ ಬಣ್ಣ ಬಳಿದಿದಾರೆ.”

“ಕಲ್ಲಿದ್ದ ಹಾಗಿದೆ, ಕುಣಿದ್ರೂ ಏನಾಗಲ್ಲ ಅಂದಿದ್ರಲ್ಲ.”

“ಅದನ್ನ ನಂಬಿ ಬ್ರೇಕ್ ಒತ್ತಿದ್ದಕ್ಕೆ ಅಪ್ಪ ಇವತ್ತಿಗೂ ಕೋಲು ಹಿಡಿದು ನಡೀತಾರೆ.”

“ಆಮೇಲೆ ಒಂದಿನಾನೂ ಮುಖ ತೋರಿಸ್ಲಿಲ್ಲ ಚಿಕ್ಕಪ್ಪ. ಹಳೇ ಗಾಡಿಗಳ ಮೆರವಣಿಗೆಗೆ ಮಾತ್ರ ಬರ್ತಾರಂತೆ.”

“ಬರ್ಲಿ. ನಾನು ಓಡಿಸ್ತೀನಿ, ಅವರು ಪಕ್ಕದಲ್ಲಿ ಕೂತು ಜನಕ್ಕೆ ಕೈ ಬೀಸ್ಲಿ.”

“ಅಷ್ಟರೊಳಗೆ ಎರಡೂ ಕಡೆ ವೆಲ್ಡಿಂಗ್ ಮುಗಿಯುತ್ತಾ?”

ಅಕ್ಕ ಗಲ್ಲಾದತ್ತ ಸರಿದಳು. ಅವರ ಸರದಿ ಬಂದಿತ್ತು.

“ತಗಡು ಡ್ರೈವರ್ ಕಡೆಗೆ ಆಗೋಷ್ಟೇ ಸಾಕು,” ಎಂದಳು ಅಂಗಡಿಯವನಿಗೆ. “ಕಾಲ ಕೆಳಗೆ ಹಾಸೋ ಮ್ಯಾಟ್ ಮಾತ್ರ ಎರಡು ಕೊಡಿ.”

ತಂಗಿ ಅಕ್ಕನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಅಂಗಡಿಯವನತ್ತ ತಿರುಗಿದಳು.

“ಒಂದು ಮ್ಯಾಟ್ ದಪ್ಪದ್ದು ಕೊಡಿ. ಕೆಳಗಿರೋದು ಕಾಣಬಾರದು.”

ತಗಡನ್ನು ಆಚೀಚೆ ಹಿಡಿದುಕೊಂಡು ಇಬ್ಬರೂ ಹೊರಟರು. ದರ್ಜಿ ತನ್ನ ಕಾಲನ್ನು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟ.