ಗೋಡೆಗೆ ಬಡಿಯುವ ಲೋಟ

ರಾತ್ರಿ ಒಂದೂವರೆ ಇರಬಹುದು. ಅಣ್ಣ ಕೆಲಸ ಮುಗಿಸಿ ಮನೆಗೆ ನಡೆದು ಬರ್ತಿದ್ದ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಅವನ ಚಪ್ಪಲಿ ಸದ್ದು ಮಾತ್ರ... ಪಟಕ್, ಪಟಕ್.

ಅಣ್ಣ ಅಂದರೆ ನಮ್ಮ ದೊಡ್ಡಮ್ಮನ ಮಗ. ಪತ್ರಿಕೆಯೊಂದರಲ್ಲಿ ರಾತ್ರಿ ಪಾಳಿ, ಪ್ರೂಫ್ ತಿದ್ದೋ ಕೆಲಸ. ಉಳಿದ ಹೊತ್ತಲ್ಲಿ ಕಾದಂಬರಿ ಬರೀತಾನೆ. ಬರೆದದ್ದನ್ನು ಬಾಯಿಪಾಠ ಮಾಡಿ ದಾರಿಯುದ್ದಕ್ಕೂ ಗೊಣಗಿಕೊಂಡು ಬರೋದು ಅವನ ಅಭ್ಯಾಸ. ನಾಲಿಗೆ ಎಡವಿದ ಕಡೆ ಸಾಲು ಸುಳ್ಳು ಅಂತ ಅವನ ಲೆಕ್ಕ. ನೋಡಿದವರು ಪಾಪ, ಯಾವುದೋ ಸ್ಕ್ರೂ ಸಡಿಲ ಅಂದುಕೊಳ್ತಾರೆ.

ನಮ್ಮ ಬೀದಿ ತಿರುವಿನಲ್ಲಿ ಒಂದು ಬಾವಿ ಇದೆ. ನೀರು ಬತ್ತಿ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದು ಎಷ್ಟೋ ವರ್ಷವಾಯ್ತು. ಅಲ್ಲಿಗೆ ಬಂದಾಗ ಅವನು ಹೇಳ್ತಿದ್ದ ಸಾಲು ಇದು: ‘ತಾಯಿ ಕರೆದ ತಕ್ಷಣ ಮಗ ಪೆನ್ನು ಕೆಳಗಿಟ್ಟು ಎದ್ದ.’

ಟಣ್... ಟಣ್... ಟಣ್.

ಬಾವಿಯೊಳಗಿಂದ. ಕೊಡದ ಸದ್ದಲ್ಲ, ಸರಪಳಿ ಸದ್ದೂ ಅಲ್ಲ. ಸ್ಟೀಲ್ ಲೋಟದ ಅಂಚು ಗೋಡೆಗೆ ತಗುಲಿದ ಸದ್ದು.

ಅವನಿಗೇ ಗೊತ್ತಿಲ್ಲದ ಹಾಗೆ ಬಾಯಿಂದ ಮಾತು ಬಂತಂತೆ. “ಬಂದೆ ಅಮ್ಮ, ಒಂದು ನಿಮಿಷ.”

ಅಂದ ಮೇಲೆ ನೆನಪಾಯ್ತು. ಅವರಮ್ಮ ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು.

ಓಡಿ ಬಂದು ನಮ್ಮ ಮನೆ ಬಾಗಿಲು ಬಡಿದ. ಅವನು ಬರೆದದ್ದನ್ನೆಲ್ಲ ಟೈಪ್ ಮಾಡೋಳು ನಾನು. ಅಷ್ಟು ಹೊತ್ತಲ್ಲಿ ಬಂದರೆ ಯಾವುದೋ ಪುಟ ಕಳೆದುಕೊಂಡು ಬಂದ ಅಂತಲೇ ಅಂದುಕೊಂಡು ಬೈಯೋಕೆ ಬಾಯಿ ತೆಗೆದೆ. ಅವನ ಮುಖ ನೋಡಿ ಒಳಗೆ ಕರೆದೆ.

ನಮ್ಮ ದೊಡ್ಡಮ್ಮನ ವಿಷಯ ಹೇಳಬೇಕು. ಲಕ್ವ ಹೊಡೆದು ಎಂಟು ತಿಂಗಳು ಮಲಗಿದ್ದರು. ಮಾತು ಹೋಗಿತ್ತು, ಬಲಭಾಗ ಹೋಗಿತ್ತು, ಎಡಗೈ ಒಂದೇ ಆಡ್ತಿತ್ತು. ದಿಂಬಿನ ಪಕ್ಕ ಒಂದು ಸ್ಟೀಲ್ ಲೋಟ. ಮಗನನ್ನು ಕರೀಬೇಕಾದರೆ ಅದರಲ್ಲಿ ಗೋಡೆಗೆ ಮೂರು ಸಲ ಬಡೀತಿದ್ದರು. ಗೋಡೆಯ ಆ ಕಡೆ ಅವನ ಬರೆಯೋ ಮೇಜು. ಅವನೂ ಅಷ್ಟೇ, ಉಣಿಸಿ, ತೊಳೆದು, ಒರೆಸಿ ಮಗುವಿನ ಹಾಗೆ ನೋಡಿಕೊಂಡ. ಕೊನೆಗೆ ದೊಡ್ಡಮ್ಮ ಎದೆವರೆಗೂ ರಗ್ಗು ಹೊದ್ದು ನಿದ್ದೆಯಲ್ಲೇ ಹೋದರು. ಪುಣ್ಯವಂತೆ, ನರಳಲಿಲ್ಲ ಅಂತ ನೆಂಟರೆಲ್ಲ ಅಂದರು. ನಾನೂ ಅಂದೆ.

ಹೊಸ ಕಾದಂಬರಿಯಲ್ಲಿ ಅವನು ಬರೆಯೋಕೆ ಹೊರಟದ್ದು ಅದನ್ನೇ. ತಾಯಿ ಕರೀತಾಳೆ, ಮಗ ಎದ್ದು ಹೋಗ್ತಾನೆ, ಕಾದಂಬರಿಯ ತಾಯಿಗೆ ಮಾತು ಹೋಗಿಲ್ಲ, ಕೊನೆ ಮಾತು ಹೇಳ್ತಾಳೆ. ಅಲ್ಲಿಗೆ ಬಂದು ಗಾಡಿ ನಿಂತಿತ್ತು. ಆ ಕೊನೆ ಮಾತನ್ನು ಹನ್ನೊಂದು ಸಲ ಬರೆದ, ಹನ್ನೊಂದು ಸಲವೂ ನಾನು ಟೈಪ್ ಮಾಡಿದೆ. ದೊಡ್ಡಮ್ಮ ಯಾವತ್ತು ಹೀಗೆ ಮಾತಾಡಿದ್ದರು ಮಾರಾಯ, ಇದು ಮಂತ್ರಿಗಳ ಭಾಷಣದ ಹಾಗಿದೆ ಅಂತ ಛೇಡಿಸಿದ್ದೆ. ಆಮೇಲೆ ಮೂರು ಸಾಲಿನಷ್ಟು ಜಾಗ ಖಾಲಿ ಬಿಟ್ಟ. ಏನು ಹೇಳೋಕೆ ಕರೆದಳೋ ಗೊತ್ತಾಗ್ತಿಲ್ಲ, ಆಮೇಲೆ ತುಂಬ್ತೀನಿ ಅಂದ. ಆ ಜಾಗ ತುಂಬದೆ ಪುಸ್ತಕವಿಲ್ಲ. ಪ್ರಕಾಶಕರು ಕೇಳಿ ಕೇಳಿ ಸುಸ್ತಾಗಿದ್ದರು. ಇವನಿಗೆ ಊಟ ಸೇರ್ತಿರಲಿಲ್ಲ, ನಿದ್ದೆ ಹತ್ತಿರ ಸುಳೀತಿರಲಿಲ್ಲ.

ಆ ರಾತ್ರಿ ನಮ್ಮ ಅಡುಗೆಮನೆಯಲ್ಲಿ ಕೂರಿಸಿ, ಮಕ್ಕಳಿಗೆ ಎಚ್ಚರ ಆಗದ ಹಾಗೆ ಪಿಸುಗುಟ್ಟಿ ಕೇಳಿದೆ. ಸರಿಯಾಗಿ ಆ ಸಾಲು ಹೇಳಿದಾಗಲೇ ಯಾಕೆ ಸದ್ದು?

ಮುಂದಿಟ್ಟ ನೀರಿನ ಲೋಟವನ್ನು ದೂರ ಸರಿಸಿದ. ಆಮೇಲೆ...

“ನಾನು ಏಳಲಿಲ್ಲ.”

“ಯಾವಾಗ?”

“ಅವತ್ತು. ಮೂರು ಸಲ ಬಡಿದಳು. ಈ ಸಾಲು ಮುಗಿಸಿ ಬರ್ತೀನಿ ಅಂದೆ. ಆ ಸಾಲು ಎರಡು ಪುಟ ಆಯ್ತು. ಎದ್ದು ಹೋದಾಗ... ಆಗಿಹೋಗಿತ್ತು.”

ಯಾವ ಸಾಲು ಅದು ಅಂತ ಕೇಳಿದೆ. ಕೇಳಬಾರದಿತ್ತು.

“ಅದು ಆಗ ಬರೀತಿದ್ದ ಪುಸ್ತಕದಲ್ಲಿಲ್ಲ. ಎರಡನೇ ಪ್ರೂಫಲ್ಲಿ ನಾನೇ ಹೊಡೆದು ಹಾಕಿದೆ.”

ನನಗೆ ಅವನನ್ನು ಹಿಡಿದು ಬಾರಿಸಬೇಕು ಅನ್ನಿಸಿತು. ಅಳುವೂ ಬಂತು. ಹಾಗಿದ್ದರೆ ಅದನ್ನೇ ಬರಿ, ಮಗ ಏಳಲಿಲ್ಲ ಅಂತಲೇ ಬರಿ ಅಂದೆ. ಬರೆದ. ಮಾರನೇ ರಾತ್ರಿ ಅದೇ ದಾರಿಯಲ್ಲಿ, ಅದೇ ಬಾವಿ ಪಕ್ಕ ಆ ಹೊಸ ಸಾಲು ಹೇಳಿಕೊಂಡು ಬಂದ. ಸದ್ದಿಲ್ಲ. ವಾರವಾದರೂ ಸದ್ದಿಲ್ಲ. ಮುಖಕ್ಕೆ ಸ್ವಲ್ಪ ಕಳೆ ಬಂತು.

ಆದರೆ ಆ ಮೂರು ಸಾಲಿನ ಜಾಗ ಹಾಗೇ ಉಳಿದಿತ್ತು.

ಅವನ ವಾರದ ರಜೆ ದಿನ ಲ್ಯಾಪ್‌ಟಾಪ್ ಹಿಡಿದು ನಾನೇ ಅವನ ಮನೆಗೆ ಹೋದೆ. ಇವತ್ತು ಮುಗಿಸದೆ ಏಳೋದಿಲ್ಲ ಅಂತ ಇಬ್ಬರೂ ಕೂತೆವು. ಅವನು ಓದೋದು, ತಿದ್ದೋದು. ನಾನು ಟೈಪ್ ಮಾಡೋದು. ಹನ್ನೆರಡು ದಾಟಿತು. ಗೋಡೆಯ ಆಚೆ ದೊಡ್ಡಮ್ಮನ ಕೋಣೆ, ಹೊರಗಿಂದ ಚಿಲಕ ಹಾಕಿತ್ತು. ಒಳಗೆ ಬರೀ ಮಂಚ, ಒಂದು ಟ್ರಂಕು. ಬೇರೇನೂ ಇಲ್ಲ.

ಅವನು ಓದಿದ: ‘ಯಾಕೆ ಕರೆದಳೋ ಅವನಿಗೆ ಗೊತ್ತಾಗಲೇ ಇಲ್ಲ. ಹೋಗಿ ನೋಡಿದಾಗ ತಾಯಿ ಎದೆವರೆಗೂ ಹೊದ್ದು ಮಲಗಿದ್ದಳು.’

ಟಣ್.

ನನ್ನ ಮೊಣಕೈ ಪಕ್ಕದ ಗೋಡೆ. ಮೇಜಿನ ಮೇಲೆ ಡಬ್ಬಿಯಲ್ಲಿದ್ದ ಪೆನ್ನುಗಳು ಕಿಣಿಕಿಣಿ ಅಂದವು.

ಟಣ್... ಟಣ್.

ನನ್ನ ಬೆರಳು ಕೀ ಮೇಲೇ ಉಳಿದುಬಿಟ್ಟು ಪರದೆ ತುಂಬ ‘ದ’ ಅಕ್ಷರವೇ ಆಗಿತ್ತು.

“ನಿನಗೂ...?” ಅಂದ.

“ಹೂಂ” ಅಂದೆ.

ಅವನ ಕೈಯಲ್ಲಿದ್ದ ಪೆನ್ನು ಒಂದು ಪದದ ನಡುವೆ ನಿಂತಿತ್ತು. ತುಟಿ ಅಲ್ಲಾಡಿತು. ‘ಒಂದು ನಿ...’ ಅಂತ ಶುರುವಾಗಿದ್ದನ್ನು ನಾನು ಕಣ್ಣಾರೆ ಕಂಡೆ. ಅಲ್ಲಿಗೇ ನುಂಗಿದ. ಪೆನ್ನು ಕೆಳಗಿಟ್ಟು ಎದ್ದ.

ನಾನು ಹೋಗಲಿಲ್ಲ. ಕಾಲು ಏಳಲಿಲ್ಲ ಅಂತ ಹೇಳೋಕೆ ನನಗೇನೂ ನಾಚಿಕೆಯಿಲ್ಲ. ಕೂತಲ್ಲೇ ಕೇಳಿಸಿಕೊಂಡೆ. ಚಿಲಕ... ಕಟಕ್. ಟ್ರಂಕಿನ ಮುಚ್ಚಳ... ಕಿರ್ರ್. ಬಟ್ಟೆ ಕೊಡವಿದ್ದು... ಫಟ್. ಆಮೇಲೆ ಮಂಚದ ಸ್ಪ್ರಿಂಗು ಕುಂಯ್ ಅಂತು. ಅವನು ಅಂಚಿಗೆ ಕೂತ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ ಕುಂಯ್ ಅಂತು... ನಿಧಾನಕ್ಕೆ, ಯಾರೋ ಮಗ್ಗುಲು ಬದಲಾಯಿಸಿದ ಹಾಗೆ.

ಅಣ್ಣ ಹೊರಗೆ ಬಂದು ಕುರ್ಚಿಯಲ್ಲಿ ಕುಸಿದ.

“ರಗ್ಗು ನೆಲದ ಮೇಲಿತ್ತು” ಅಂದ. “ಅವತ್ತು. ಅವಳ ಎಡಗೈ ಮಂಚದಿಂದ ಕೆಳಗೆ ಜೋತು ಬಿದ್ದಿತ್ತು. ಎಟುಕಿರಲಿಲ್ಲ ಅವಳಿಗೆ. ನಾನೇ ಎತ್ತಿ ಹೊದಿಸಿ, ಆಮೇಲೆ ನಿಮ್ಮನ್ನೆಲ್ಲ ಕರೆದೆ.”

“ಹಾಗಿದ್ದರೆ ಯಾಕೆ ಕರೆದರು ಅಂತ ನಿನಗೆ...”

“ಮೊದಲಿಂದಲೂ ಗೊತ್ತಿತ್ತು.”

ಅವನು ಅಷ್ಟು ಅತ್ತಿದ್ದನ್ನು ನಾನು ದೊಡ್ಡಮ್ಮ ಹೋದಾಗಲೂ ನೋಡಿರಲಿಲ್ಲ. ಕಣ್ಣೊರೆಸಿಕೊಂಡು, ಹೊದ್ದು ಮಲಗಿದ್ದಳು ಅನ್ನೋದನ್ನು ಹೊಡೆದು ಹಾಕಿದ. ಖಾಲಿ ಬಿಟ್ಟ ಜಾಗದಲ್ಲಿ ಬರೆದ: ‘ರಗ್ಗು ಜಾರಿತ್ತು. ಚಳಿಯಾಗ್ತಿತ್ತು.’ ಮೂರು ಸಾಲಿನ ಜಾಗಕ್ಕೆ ಅರ್ಧ ಸಾಲೂ ಆಗಲಿಲ್ಲ. ಉಳಿದ ಜಾಗ ಮುಚ್ಚಿಬಿಡು ಅಂದ, ಮುಚ್ಚಿದೆ. ಎದ್ದಾಗ ನಿಂತಿದ್ದ ಆ ಅರ್ಧ ಪದ ಪುಸ್ತಕದಲ್ಲೂ ಅರ್ಧವೇ ಅಚ್ಚಾಗಿದೆ. ಓದಿದವರು ಟೈಪ್ ಮಾಡಿದವಳನ್ನು ಬೈಕೊಳ್ತಾರೆ. ಬೈಲಿ.

ಬೆಳಗಿನವರೆಗೂ ಇಬ್ಬರೂ ಆ ಮೇಜು ಬಿಟ್ಟು ಕದಲಲಿಲ್ಲ. ಚೆನ್ನಾಗಿ ಬೆಳಕಾದ ಮೇಲೆ, ರಾತ್ರಿ ಅವನು ಹೊರತೆಗೆದ ರಗ್ಗು ಮಡಚಿ ಟ್ರಂಕಿಗೆ ಹಾಕಿ ಹೋಗೋಣ ಅಂತ ನಾನೊಬ್ಬಳೇ ಒಳಗೆ ಹೋದೆ. ಬರೀ ಮಂಚದ ಮೇಲೆ ರಗ್ಗು ನೀಟಾಗಿ ಹರಡಿತ್ತು. ಎಡಗಡೆಯ ಅಂಚು ಮಾತ್ರ ಮುದುರಿತ್ತು, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ ಹಾಗೆ. ಬಿಡಿಸೋಕೆ ಅಂತ ಕೈ ಇಟ್ಟೆ.

ಬೆಚ್ಚಗಿತ್ತು.

ಬಿಸಿಲು ಬಿದ್ದಿರಬೇಕು ಅಂತೀರಾ? ಆ ಕೋಣೆಗೆ ಬಿಸಿಲು ಬರೋದು ಮಧ್ಯಾಹ್ನದ ಮೇಲೆ. ಅಣ್ಣ ಮಲಗಿದ್ದ ಅಂತೀರಾ? ಅವನು ಹೊರಗೆ ಬಂದ ಮೇಲೆ ಬೆಳಗಿನವರೆಗೂ ನನ್ನ ಕಣ್ಣೆದುರಿಗಿದ್ದ. ನನಗೆ ಭ್ರಮೆ ಅನ್ನೋದಾದರೆ ಅನ್ನಿ. ಮುಟ್ಟಿದ್ದು ಈ ಕೈ, ನಿಮ್ಮದಲ್ಲ.

ನಾನು ಆ ರಗ್ಗು ಮಡಚಲಿಲ್ಲ. ಹಾಗೇ ಬಿಟ್ಟು, ಸದ್ದಾಗದ ಹಾಗೆ ಬಾಗಿಲು ಮುಂದೆ ಮಾಡಿಕೊಂಡು ಬಂದೆ.