ಕಾಮನ ಬೆಂಕಿಗೆ ಹೋದ ಕುರ್ಚಿ

ಹಲ್ಲಿನ ಡಾಕ್ಟರ ಬಾಗಿಲ ಮುಂದೆ ಊದಿದ ಕೆನ್ನೆ ಒತ್ತಿಕೊಂಡು ಕೂತಿದ್ದ ಬಡಗಿಗೆ, ಪಕ್ಕದ ಅತ್ತೆ ಸೊಸೆಯರ ಬಾಯಲ್ಲಿ ಕುರ್ಚಿಯ ಮಾತು ಬಂದದ್ದೇ ಕಿವಿ ನೆಟ್ಟಗಾಯಿತು. ಅತ್ತೆಯ ಹಣೆಯಲ್ಲಿ ಬೂದಿಯ ಬೊಟ್ಟಿತ್ತು.

"ನಿನ್ನ ಮಾವನ ಕುರ್ಚಿ ಯಾರು ಒಯ್ದರು ಅಂದೆ?"

"ಓಣಿ ಹುಡುಗರು, ಅತ್ತೆ. ಕಾಮನ ಬೆಂಕಿಗೆ ಕಟ್ಟಿಗೆ ಕದಿಯೋದು ವಾಡಿಕೆ ತಾನೇ? ಹಬ್ಬಕ್ಕೆ ಕದ್ದದ್ದನ್ನ ವಾಪಸ್ ಕೇಳಬಾರದು ಅಂತ ನೀವೇ ಹೇಳ್ತಿದ್ರಿ."

"ಹೇಳಿದ್ದೆ. ಹಳೇದು ಸುಟ್ಟರೇನೇ ವಸಂತ ಬರೋದು ಅಂತಾನೂ ಹೇಳಿದ್ದೆ. ಆದರೆ ಬಾಗಿಲಿಗೆ ಒಳಗಿಂದ ಚಿಲಕ ಹಾಕಿದವಳು ನಾನು. ತೆಗೆದವರು ಯಾರು?"

"ಗಾಳಿಗೆ ತೆರೆದುಕೊಂಡಿರಬೇಕು."

"ಆಹಾ. ಕುರ್ಚಿ ಮೇಲಿದ್ದ ದಿಂಬನ್ನ, ಗವಸು ಒಗೆದು, ಬೀರುವಿನಲ್ಲಿ ಇಟ್ಟಿದ್ದೂ ಗಾಳಿನೇನಾ? ನನ್ನ ಕಿವಿ ಮೇಲೆ ಹೂ ಇಡಬೇಡ."

ಸೊಸೆ ನೆಲ ನೋಡಿದಳು. ಬಡಗಿ ಹಲ್ಲುನೋವು ಮರೆತ.

"ಮಾವ ಹೋದಾಗಿನಿಂದ ದಿನಾ ಆ ಕುರ್ಚಿ ಮುಂದೆ ತಟ್ಟೆ ಇಡ್ತಿದ್ರಿ. ಅವರು ಉಣ್ಣಲಿಲ್ಲ ಅಂತ ನೀವೂ ಉಣ್ತಿರಲಿಲ್ಲ. ನಿಮ್ಮನ್ನೂ ಕಳ್ಕೊಳ್ಳೋಕೆ ನನ್ನ ಕೈಲಾಗಲಿಲ್ಲ."

"ಅದಕ್ಕೆ ನನ್ನನ್ನ ಕೇಳದೇ ಕೊಟ್ಟುಬಿಟ್ಟೆ."

"ಕೇಳಿದ್ರೆ ಕೊಡ್ತಿದ್ರಾ?"



"ಅದರ ಬೂದಿನಾದ್ರೂ ತಂದೆಯಾ?"

"ಬೆಳಿಗ್ಗೆ ನಿಮ್ಮ ಹಣೆಗೆ ಇಟ್ಟೆನಲ್ಲ, ಅದೇ."

ಅತ್ತೆಯ ಕೈ ಹಣೆಯವರೆಗೆ ಹೋಗಿ, ಮುಟ್ಟದೆ ನಿಂತಿತು. ಒಳಗಿನಿಂದ ಕರೆ ಬಂತು. ಸೊಸೆ ಚಾಚಿದ ಕೈಯನ್ನು ಅವಳು ಹಿಡಿಯಲಿಲ್ಲ.

"ಆ ದಿಂಬು ಮಾತ್ರ ಮುಟ್ಟಿದರೆ ನೋಡು," ಎಂದವಳು, ಬೊಟ್ಟು ಅಳಿಸದಂತೆ ಸೆರಗನ್ನು ಹಿಂದಕ್ಕೆ ಸರಿಸಿಕೊಂಡು ಒಳಗೆ ಹೋದಳು.