ಮರಿಯವ್ವ ಕುಡಿದ ನೀರು

ದೀಪ ಸ್ವಲ್ಪ ಸಣ್ಣದು ಮಾಡಿ, ಹತ್ತಿರ ಬನ್ನಿ. ಇದು ಎಲ್ಲೋ ಯಾರೋ ಹೇಳಿದ್ದಲ್ಲ. ಲಕ್ಷ್ಮೇಶ್ವರದಲ್ಲಿ ನಮ್ಮ ಮನೆಯಿಂದ ಮೂರನೇ ಬಾಗಿಲು, ಬಟ್ಟೆ ಅಂಗಡಿ ಕರೀಮಸಾಬರ ಮಗಳು ಗುಲ್ನಾಜಳಿಗೆ ಆದದ್ದು. ನಗುವವರು ಬೆಳಿಗ್ಗೆ ಅವಳ ಮನೆಗೆ ಹೋಗಿ ನೋಡಿ ಬರಲಿ.

ಆ ರಾತ್ರಿ ಬಸ್ಸು ದಾರಿಯಲ್ಲಿ ಕೆಟ್ಟು, ಅವಳನ್ನು ಅಡರಕಟ್ಟಿಯ ಆಚೆ ಒಂದು ಕ್ರಾಸಿನಲ್ಲಿ ಇಳಿಸುವಾಗ ಹತ್ತು ದಾಟಿತ್ತು. ಊರ ಹೆಸರು ಬೇಡ... ಸಣ್ಣ ಊರು. ಎಂದಿನಂತೆ ಅಲ್ಲಿನ ಮುದುಕಿ ಮರಿಯವ್ವನ ಮನೆಯಲ್ಲಿ ಮಲಗುವ ಯೋಚನೆ. ದಾರಿ ಹಳೇ ಬಾವಿಯ ಪಕ್ಕದಿಂದಲೇ.

ಗುಲ್ನಾಜ ಪಿಎಚ್‌ಡಿ ಮಾಡುತ್ತಿದ್ದಳು. ಆ ಊರಲ್ಲಿ ನಡುವಯಸ್ಸಿಗೇ ಮೊಣಕಾಲುಗಳು ಬಾಗುತ್ತವೆ, ಕಾರಣವೇನು, ಮದ್ದೇನು ಅಂತ. ತಿಂಗಳಿಗೊಮ್ಮೆ ಹೋಗಿ ಕುಡಿಯುವ ನೀರು, ಕತ್ತರಿಸಿದ ಉಗುರು ಪರೀಕ್ಷೆಗೆ ತರುತ್ತಿದ್ದಳು. ಉಗುರು ಅಂದರೆ ಊರು ಬೆಚ್ಚಿತ್ತು. ಮಾಟ ಮಾಡಿಯಾರು ಅಂತ ಅದನ್ನು ಯಾರೂ ಪರರ ಕೈಗೆ ಕೊಡುವುದಿಲ್ಲ. ಮೊದಲು ಬೆರಳು ಚಾಚಿದವಳು ಮರಿಯವ್ವ.

"ಓದಿದ ಹುಡುಗಿ ಐತಿ, ಮೋಸ ಮಾಡಂಗಿಲ್ಲ," ಎಂದಳು. ಅವಳನ್ನು ನೋಡಿ ಊರೇ ಕೈ ಚಾಚಿತು.

"ಆಯಿ, ನಾ ಬಿಡು ಅನ್ನೋತನಕ ಇದ ಬಾವಿ ನೀರ ಕುಡೀಬೇಕ್ರಿ. ಬ್ಯಾರೆ ನೀರು ಕುಡಿದ್ರ ಪರೀಕ್ಷಾ ಕೆಡತೈತಿ."

"ಆತವ್ವ. ನೀ ಹೇಳೋತನಕ."

ಎರಡನೇ ತಿಂಗಳಿಗೇ ಗೊತ್ತಾಯಿತು. ದೋಷ ಆ ನೀರಿನಲ್ಲೇ, ಮೂಳೆ ಬಾಗಿಸುವ ಫ್ಲೋರೈಡ್. ಅವಳ ಗೈಡು ಫೋನಿನಲ್ಲಿ, "ಈಗ ಹೇಳಬ್ಯಾಡ, ಜನ ನೀರು ಬದಲಿಸಿದ್ರ ನಿನ್ನ ಥೀಸಿಸ್ ಗತಿ ಏನು?" ಎಂದರು. ಗುಲ್ನಾಜ ಬಾಯಿ ಮುಚ್ಚಿಕೊಂಡಳು. ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಮರಿಯವ್ವನ ಮನೆ ಎದುರಿಗೇ ಶುದ್ಧ ನೀರಿನ ಘಟಕವಿತ್ತು. ಮಗ ಉಳವಪ್ಪ ಕ್ಯಾನು ತಂದಿಟ್ಟರೂ ಆ ಮುದುಕಿ ಮುಟ್ಟಲಿಲ್ಲ. ಕೋಲೂರಿಕೊಂಡು ಬಾವಿಗೇ ಹೋಗುತ್ತಿದ್ದಳು. ಮಾತು ಕೊಟ್ಟಿದ್ದಳಲ್ಲ.

ಆಮೇಲೆ ನಾಲ್ಕು ತಿಂಗಳು ಗುಲ್ನಾಜ ಆ ಕಡೆ ಹಾಯಲಿಲ್ಲ. ಆ ರಾತ್ರಿ ಬಂದದ್ದೂ ನಿಜ ಹೇಳುವುದಕ್ಕಲ್ಲ. ಥೀಸಿಸ್ಸಿಗೆ ಇನ್ನೊಂದು ಬಾಟಲಿ ನೀರು ಬೇಕಿತ್ತು, ಅಷ್ಟೇ.

ಬಾವಿ ಹತ್ತಿರವಾಯಿತು. ಕಿರ್ರ್... ಕಿರ್ರ್... ನೀರು ಸೇದುವ ಗಡಗಡಿ ತಿರುಗುವ ಸದ್ದು. ಆಮೇಲೆ ಆಳದಲ್ಲಿ ಬುಡುಕ್... ಕೊಡ ಮುಳುಗಿತು. ಬೆಳದಿಂಗಳಲ್ಲಿ ಕಟ್ಟೆಯ ಮೇಲೆ ಮರಿಯವ್ವ.

"ಆಯಿ... ಇಷ್ಟ ಹೊತ್ತಿನ್ಯಾಗ ನೀರಿಗೆ ಬಂದೀರಿ?"

"ಮತ್ತ... ನೀ ಬಿಡು ಅಂದಿಲ್ಲಲ್ಲ ಮಗಳ." ಪಿಸುದನಿ. "ಈಗರ ಹೇಳು. ಕುಡಿಲೋ... ಬಿಡಲೋ?"

ಒಂದು ಮಾತು. ಬಿಡ್ರಿ ಅಂದಿದ್ದರೆ ಮುಗಿಯುತ್ತಿತ್ತು. ಗುಲ್ನಾಜಳಿಗೆ ಗೈಡು ನೆನಪಾದರು.

"ಇನ್ನೊಂದ ತಿಂಗಳ ಕುಡೀರಿ ಆಯಿ."

ಮರಿಯವ್ವ ಕೈ ಚಾಚಿದಳು. "ಬಾಟ್ಲಿ ತಾ."

ಗುಳು... ಗುಳು... ಗುಳು. ಬಾಟಲಿ ಮಂಜಿನಷ್ಟು ತಣ್ಣಗಿತ್ತು. ಗುಲ್ನಾಜ ಮುಚ್ಚಳ ಬಿಗಿದು, ಸೀಲು ಅಂಟಿಸಿ, ನಂಬರು ಬರೆದಳು. ತಲೆ ಎತ್ತಿದರೆ ಕಟ್ಟೆ ಖಾಲಿ. ಮುಂದೆ ಹೋಗಿರಬೇಕು ಅಂದುಕೊಂಡು ನಡೆದಳು.

ಬಾಗಿಲು ತೆರೆದ ಉಳವಪ್ಪ ಕೂರಿಸಿ, ಮುಂದೆ ತಂಬಿಗೆ ನೀರಿಟ್ಟ.

"ಆಯಿ ಬಂದ್ರೇನಣ್ಣಾ? ಬಾವಿ ಕಡೆ ಸಿಕ್ಕಿದ್ರು."

ಉಳವಪ್ಪ ಅವಳ ಮುಖ ನೋಡಿದ. "ಅವ್ವ ಹೋಗಿ ಮೂರು ತಿಂಗಳಾತವ್ವ. ಮೊಣಕಾಲ ಹಿಡಕೊಂಡು ಬಾವಿ ಕಟ್ಟಿ ಮ್ಯಾಲಿಂದನ ಒಳಗ ಬಿದ್ಲು. ಪಂಚಾಯ್ತಿಯವ್ರು ಗಡಗಡಿ ಕಿತ್ತು, ಬಾವಿಗೆ ಕಲ್ಲ ಹಾಸಿ ಮುಚ್ಯಾರ."

ಗುಲ್ನಾಜಳ ಕೈ ಚೀಲದೊಳಗಿನ ಬಾಟಲಿಯನ್ನು ತಡವಿತು; ಉಳವಪ್ಪನೇ ಮಾತು ಮುಂದುವರಿಸಿದ.

"ನಿನ್ನ ದಾರಿ ನೋಡಿದ್ಲು. ಖರೆ ಹೇಳು, ಆ ನೀರಾಗ ಏನರ ಇತ್ತೇನು?"

ಗುಲ್ನಾಜ ಹೇಳಿದಳು. ಎರಡನೇ ತಿಂಗಳಿಗೇ ಗೊತ್ತಿತ್ತು ಅನ್ನುವುದನ್ನೂ ಹೇಳಿದಳು. ಉಳವಪ್ಪ ಬೈಯಲಿಲ್ಲ. ಅವಳ ಮುಂದಿಟ್ಟಿದ್ದ ತಂಬಿಗೆಯನ್ನು ಎತ್ತಿಕೊಂಡು ಒಳಗೆ ಹೋದ. ನಂಬಿ ಕೆಟ್ಟೆವು ಅನ್ನುವುದನ್ನು ಇದಕ್ಕಿಂತ ಗಟ್ಟಿಯಾಗಿ ಯಾರು ಹೇಳಿಯಾರು?

ಮರುದಿನ ಹಗಲು ಹೋಗಿ ನೋಡಿದರೆ ಬಾವಿಯ ಮೇಲೆ ಕಲ್ಲು ಹಾಗೇ ಇತ್ತು. ಅವಳ ಚೀಲದಲ್ಲಿ ಬಾಟಲಿಯೂ ತುಂಬಿಯೇ ಇತ್ತು.

ಥೀಸಿಸ್ ಇನ್ನೂ ಕೊಟ್ಟಿಲ್ಲ. ಬಾಟಲಿ ಅವಳ ಮನೆಯ ಗೂಡಿನಲ್ಲಿದೆ, ಅದರ ಮೈಮೇಲೆ ನೀರಿನ ಮಟ್ಟಕ್ಕೆ ಅವಳು ತಿಂಗಳಿಗೊಂದರಂತೆ ಎಳೆದ ಪೆನ್ನಿನ ಗೆರೆಗಳು. ತಿಂಗಳಿಗೊಂದು ಗುಟುಕಿನಷ್ಟು ನೀರು ಇಳಿಯುತ್ತದೆ. ರಾತ್ರಿ ಗುಲ್ನಾಜ ಅದರ ಮುಂದೆ ಕೂತು, "ಬಿಡ್ರಿ ಆಯಿ... ಕುಡೀಬ್ಯಾಡ್ರಿ," ಅನ್ನುತ್ತಾಳೆ. ನನ್ನ ಕಿವಿಯಿಂದ ಕೇಳಿದ್ದೇನೆ. ಮೊನ್ನೆ ನಾನೇ ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಸೀಲು ಒಡೆದಿಲ್ಲ, ಎಲ್ಲೂ ಹನಿ ಸೋರಿಲ್ಲ. ನೀರು ಐದನೇ ಗೆರೆಗಿಂತ ಕೆಳಗಿತ್ತು.